ಪ್ರಾಣೇಶಾಚಾರ್ಯರಿಗೆ ‘ತಾನು’ ಇಲ್ಲವೆ?

ನಮ್ಮ ವಿಮರ್ಶೆಯ ಬರಹಗಳಲ್ಲೂ ಎಂ.ಎ. ತರಗತಿಯ ಉತ್ತರಪತ್ರಿಕೆಗಳಲ್ಲೂ ಒಂದು ಮಾತು ಮಂತ್ರದಂತೆ ಕೇಳಿಬರುತ್ತಿದೆ. ಭಾರತೀಯನಿಗೆ ಜಾತಿಯುಂಟು, ಕುಲವುಂಟು, ಮನೆತನವುಂಟು. ‘ತಾನು’ ಎಂಬುದು ಮಾತ್ರ ಇಲ್ಲ. ಅದು ಇಂಗ್ಲಿಷ್ ವಿದ್ಯೆಯ ಜೊತೆಯಲ್ಲಿ ಹಡಗಿನಿಂದ ಇಳಿದ ಸರಕು ಎಂಬುದೇ ಆ ಮಾತು. ಹೇಳುವವರು ಸಾಮಾನ್ಯವಾಗಿ ಆಧಾರ ಕೊಡುವ ಗೋಜಿಗೆ ಹೋಗುವುದಿಲ್ಲ. ಕೊಡಲೇಬೇಕಾಗಿ ಬಂದಾಗ ವಿ. ಎಸ್. ನೈಪಾಲರು 1977ರಲ್ಲಿ ಪ್ರಕಟಿಸಿದ ‘ಇಂಡಿಯ: ಎ ವೂಂಡೆಡ್ ಸಿವಿಲೈಸೇಷನ್’ ಪುಸ್ತಕದತ್ತ ಬೆರಳು ತೋರಿಸುತ್ತಾರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ದೇಶವನ್ನು ಸುತ್ತಿ ಬರೆದ ಆ ಪುಸ್ತಕದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ದೊಡ್ಡ ಜಾಗವೇ ದೊರೆತಿದೆ. ಕನ್ನಡದ ಕಾದಂಬರಿಯೊಂದು ಅಂಥ ಲೇಖಕರ ಕಣ್ಣಿಗೆ ಬಿದ್ದಿತೆಂದು ನಾವು ಹಿಗ್ಗಿದ್ದೂ ಉಂಟು. ಅದನ್ನು ಯಾವ ಪಂಚಾಯಿತಿಗೆ, ಯಾವ ಸಾಕ್ಷಿಗಾಗಿ ಎಳೆದೊಯ್ದರೆಂಬುದನ್ನು ಮಾತ್ರ ವಿಚಾರಿಸಲಿಲ್ಲ.

ನೈಪಾಲರ ವಾದ ಸ್ಥೂಲವಾಗಿ ಇಷ್ಟು. ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರಿಂದ ಅವರು ಒಂದು ಸೂತ್ರ ಪಡೆದರು: ಭಾರತೀಯನಲ್ಲಿ ಅಹಂ ಪೂರ್ತಿಯಾಗಿ ಬೆಳೆದಿಲ್ಲ, ಜಾತಿಯೂ ಬಂಧುಬಳಗವೂ ಅವನ ಪರವಾಗಿ ಜಗತ್ತನ್ನು ನೋಡಿಕೊಳ್ಳುತ್ತವೆ, ಆದ್ದರಿಂದ ಅವನು ಸ್ವಂತ ಕಣ್ಣು ತೆರೆಯಬೇಕಾಗಿಲ್ಲ. ಇದಕ್ಕೆ ನೈಪಾಲರು ಎರಡು ನಿದರ್ಶನ ಕೊಟ್ಟರು. ಒಂದು ಗಾಂಧೀಜಿಯವರ ಆತ್ಮಕಥೆ: 1888ರಲ್ಲಿ ಲಂಡನ್ನಿಗೆ ಹೋದ ತರುಣ ಆ ಮಹಾನಗರ ಹೇಗಿತ್ತೆಂದು ವರ್ಣಿಸುವುದೇ ಇಲ್ಲ, ತನ್ನ ಊಟ, ತನ್ನ ವ್ರತ, ಇಷ್ಟೇ ಹೇಳುತ್ತಾನೆ. ಇನ್ನೊಂದು ಪ್ರಾಣೇಶಾಚಾರ್ಯರು: ಕಟ್ಟಳೆ ಕಳಚಿಬಿದ್ದೊಡನೆ ಅವರು ತಮ್ಮೊಳಗೇ ಮುಳುಗುತ್ತಾರೆ. ಅಲ್ಲಿಗೂ ನಿಲ್ಲದೆ, ಲೇಖಕ ಇದನ್ನೆಲ್ಲ ತಿಳಿದು ಚಿತ್ರಿಸಿದರೋ ತಿಳಿಯದೆಯೋ ಎಂಬ ಸಂಶಯವನ್ನೂ ನೈಪಾಲರು ತೇಲಿಬಿಟ್ಟರು.

ತಿಳಿಯದೆಯಂತೆ! 1965ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತ, ಪರದೇಶದಲ್ಲಿ ಕುಳಿತು, ಬಿಟ್ಟುಬಂದ ಮಲೆನಾಡಿನ ಅಗ್ರಹಾರವನ್ನು ನಿಷ್ಠುರವಾಗಿ ಕನ್ನಡದಲ್ಲಿ ಬರೆದವರಿಗೆ ತಾವು ಏನು ಬರೆಯುತ್ತಿದ್ದೇವೆಂದು ತಿಳಿದಿರಲಿಲ್ಲವೆಂದು ಊಹಿಸಲು ಎಂಥ ಧೈರ್ಯ ಬೇಕು! ದೂರ್ವಾಸಪುರದ ಬ್ರಾಹ್ಮಣರ ಕುರುಡು, ಹೊಟ್ಟೆಬಾಕತನ, ಬಂಗಾರದಾಸೆ, ಆಚಾರ್ಯರ ಆತ್ಮತೃಪ್ತಿ ಯಾವುದನ್ನೂ ನೈಪಾಲರು ಕಂಡುಹಿಡಿಯಲಿಲ್ಲ. ಕಾದಂಬರಿಯೇ ಅವರಿಗೆ ತೋರಿಸಿಕೊಟ್ಟಿತು. ತೋರಿಸಿಕೊಟ್ಟವರ ದೃಷ್ಟಿಯಲ್ಲೇ ದೋಷವಿದೆ ಎನ್ನುವುದು, ವೈದ್ಯರು ಬರೆದ ರೋಗದ ವಿವರವನ್ನು ಓದಿ ವೈದ್ಯರಿಗೇ ಆ ರೋಗವಿದೆ ಎಂದಂತೆ. ಇಂಗ್ಲೆಂಡಿನ ಕಾದಂಬರಿಕಾರ ತನ್ನ ಸಮಾಜದ ಪೊಳ್ಳನ್ನು ಬಯಲಿಗೆಳೆದರೆ ಅದು ವಿಮರ್ಶನ ಪ್ರಜ್ಞೆ. ನಮ್ಮವರು ಎಳೆದರೆ ಅದು ರೋಗಲಕ್ಷಣ. ಈ ತಕ್ಕಡಿಯನ್ನು ನೈಪಾಲರ ಕೈಯಿಂದ ನಮ್ಮ ವಿಮರ್ಶಕರು ಯಾಕೆ ಇಸಿದುಕೊಂಡರೋ ನನಗೆ ಅರ್ಥವಾಗದು.

ಗಾಂಧೀಜಿಯವರ ವಿಷಯವನ್ನೇ ನೋಡೋಣ. ಲಂಡನ್ನಿನ ಬೀದಿ ಅಲ್ಲಿ ವರ್ಣಿತವಾಗಿಲ್ಲ, ನಿಜ. ಆದರೆ ಸೌತಾಂಪ್ಟನ್ನಿನಲ್ಲಿ ಇಳಿದಾಗ ಎಲ್ಲರ ನಡುವೆ ತಾನೊಬ್ಬನೇ ಬಿಳಿಯ ಉಡುಪಿನಲ್ಲಿದ್ದೇನೆಂದು ಆ ಹುಡುಗ ನಾಚಿಕೊಂಡದ್ದು ಅಲ್ಲಿದೆ. ದಿನವೂ ಹತ್ತು ನಿಮಿಷ ದೊಡ್ಡ ಕನ್ನಡಿಯ ಮುಂದೆ ನಿಂತು ಟೈ ಸರಿಮಾಡಿ ಬೈತಲೆ ತೆಗೆಯುತ್ತಿದ್ದುದು ಅಲ್ಲಿದೆ. ನೃತ್ಯದ ಪಾಠವಿದೆ, ಪಿಟೀಲಿದೆ. ಈ ಹುಡುಗನಿಗೆ ‘ತಾನು’ ಇರಲಿಲ್ಲವೆ? ನಗರವನ್ನು ಅವನು ನೋಡಲಿಲ್ಲವೆಂದು ದೂರುವವರು, ನಗರ ಅವನನ್ನು ನೋಡುತ್ತಿತ್ತೆಂಬುದನ್ನು ಮರೆತರು. ನಾಲ್ಕು ಜನರ ಕಣ್ಣು ಮೈಮೇಲೆ ಬಿದ್ದಿರುವಾಗ ಗೋಪುರದ ಎತ್ತರ ಅಳೆಯುವ ವ್ಯವಧಾನ ಯಾರಿಗಿರುತ್ತದೆ? ಹಳ್ಳಿಯಿಂದ ಬೆಂಗಳೂರಿಗೆ ಬಂದು ಮೊದಲ ದಿನ ಕಾಲೇಜಿನ ಮೆಟ್ಟಿಲು ಹತ್ತಿದವರನ್ನು ಕೇಳಿ. ಕಟ್ಟಡದ ಬಣ್ಣ ಅವರಿಗೆ ನೆನಪಿರಲಿಕ್ಕಿಲ್ಲ, ತಮ್ಮ ಕಾಲಿನ ಚಪ್ಪಲಿ ಯಾವುದೆಂಬುದು ನೆನಪಿರುತ್ತದೆ.

ಪ್ರಾಣೇಶಾಚಾರ್ಯರಿಗೂ ಆಗಿದ್ದು ಇದೇ. ಚಂದ್ರಿಯೊಡನೆ ಕಾಡಿನಲ್ಲಿ ಕಳೆದ ರಾತ್ರಿಯ ತರುವಾಯ, ಹೆಂಡತಿ ಭಾಗೀರಥಿ ತೀರಿಕೊಂಡ ಸೂತಕದಲ್ಲಿ, ಊರುಬಿಟ್ಟು ನಡೆಯುವ ಆ ಮನುಷ್ಯ ಮೇಳಿಗೆಯ ಜಾತ್ರೆಯನ್ನು ಹೊಗುತ್ತಾರೆ. ಬೆನ್ನಿಗೆ ಅಂಟಿಕೊಂಡ ಪುಟ್ಟನ ಬಾಯಿಗೆ ಬಿಡುವಿಲ್ಲ. ಕೋಳಿ ಅಂಕದಲ್ಲಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ, ಎಲ್ಲಿ ಹೋದರೂ ಒಂದೇ ಭಯ: ಗುರುತು ಸಿಕ್ಕರೆ? ಅಗ್ರಹಾರದಲ್ಲಿ ಎಲ್ಲರೂ ಅವರನ್ನು ಬಲ್ಲವರೇ. ಅದಕ್ಕೇ ಅಲ್ಲಿ ಅವರಿಗೆ ತಮ್ಮನ್ನು ತಾವು ನೋಡಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಜಾತ್ರೆಯ ನೂರಾರು ಅಪರಿಚಿತ ಕಣ್ಣುಗಳ ನಡುವೆ, ಬಚ್ಚಿಡಬೇಕಾದ ಸಂಗತಿಯೊಂದು ಕೈಯಲ್ಲಿರುವಾಗ, ಮೊದಲ ಸಲ ‘ನಾನು ಯಾರು’ ಎಂಬುದು ವೇದಾಂತದ ಪ್ರಶ್ನೆಯಾಗಿ ಉಳಿಯದೆ ಬೆವರಿಳಿಸುವ ಪ್ರಶ್ನೆಯಾಗುತ್ತದೆ. ನೈಪಾಲರು ಒಂದಂಶದಲ್ಲಿ ಸರಿ: ಅದಕ್ಕೆ ಮುಂಚೆ ಆಚಾರ್ಯರು ಏನನ್ನೂ ಕಂಡಿರಲಿಲ್ಲ. ಆದರೆ ಕಣ್ಣು ತೆರೆಯುತ್ತಿರುವ ಗಳಿಗೆಯನ್ನೇ ಹಿಡಿದು, ನೋಡಿ ಕುರುಡು ಎಂದರೆ ಹೇಗೆ?

ಇದು ಪೂರ್ವದೇಶದವರ ವಿಶೇಷ ದೌರ್ಬಲ್ಯವೆನ್ನುವವರು ಪಶ್ಚಿಮದ ಮನಶ್ಶಾಸ್ತ್ರವನ್ನಾದರೂ ಓದಬೇಕು. ವಿಲಿಯಂ ಜೇಮ್ಸ್ 1890ರಲ್ಲೇ, ಒಬ್ಬ ಮನುಷ್ಯನನ್ನು ಎಷ್ಟು ಜನ ಗುರುತಿಸುತ್ತಾರೋ ಅವನಿಗೆ ಅಷ್ಟು ಸಾಮಾಜಿಕ ‘ಸ್ವ’ಗಳಿವೆ ಎಂಬರ್ಥದ ಮಾತು ಬರೆದ. 1902ರಲ್ಲಿ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ, ನಮ್ಮ ‘ಸ್ವ’ ಇತರರೆಂಬ ಕನ್ನಡಿಯಲ್ಲಿ ಮೂಡುವ ಬಿಂಬವೆಂದ. ಇವರು ನೋಡಿದ್ದು ಅಮೆರಿಕದವರನ್ನು, ಅಗ್ರಹಾರದವರನ್ನಲ್ಲ. 1991ರಲ್ಲಿ ಮಾರ್ಕಸ್ ಮತ್ತು ಕಿತಾಯಾಮ ಎಂಬ ವಿದ್ವಾಂಸರು ಸ್ವತಂತ್ರವಾದ ‘ಸ್ವ’, ಪರಸ್ಪರಾವಲಂಬಿಯಾದ ‘ಸ್ವ’ ಎಂದು ಎರಡು ಬಗೆ ಮಾಡಿದರು. ಅವರ ಪ್ರಬಂಧದಲ್ಲಿ ಎರಡೂ ‘ಸ್ವ’ಗಳೇ, ನಮ್ಮ ಪರೀಕ್ಷೆಯ ಉತ್ತರಗಳಿಗೆ ಇಳಿಯುವಷ್ಟರಲ್ಲಿ ಎರಡನೆಯದು ‘ಸ್ವ ಇಲ್ಲ’ ಎಂದಾಗಿಬಿಟ್ಟಿದೆ.

ವಿರೋಧ ಪಕ್ಷದ ಮಹನೀಯರೂ ಇದ್ದಾರೆ. “ನಮಗಿಲ್ಲವೆ? ಉಪನಿಷತ್ತಿನಲ್ಲೇ ಆತ್ಮವಿದೆ!” ಎಂದು ವೇದಿಕೆಯ ಮೇಜು ಗುದ್ದುವವರು. ಇವರ ಬೆಂಬಲ ನಮಗೆ ಬೇಡ. ಆ ಆತ್ಮನಿಗೆ ಹೆಸರಿಲ್ಲ, ಗೋತ್ರವಿಲ್ಲ, ನಾಚಿಕೆಯಿಲ್ಲ. ಜಾತ್ರೆಯಲ್ಲಿ ಗುರುತು ಸಿಕ್ಕೀತೆಂದು ಅದು ಹೆದರುವುದಿಲ್ಲ. ಕಾದಂಬರಿಗೆ ಬೇಕಾದದ್ದು ಸಾಂಖ್ಯರು ಅಹಂಕಾರವೆಂದು ಕರೆದು ಪುರುಷನಿಂದ ಬೇರ್ಪಡಿಸಿ ಪ್ರಕೃತಿಯ ಪಾಲಿಗೆ ಹಾಕಿದ ವಸ್ತು. ಆತ್ಮವನ್ನು ತೋರಿಸಿ ವ್ಯಕ್ತಿತ್ವದ ಸಾಲ ತೀರಿಸಲಾಗದು.

ಸಾಕ್ಷಿ ಬೇಕಾದರೆ ಅಷ್ಟೆತ್ತರಕ್ಕೆ ಹೋಗಬೇಕಾಗಿಲ್ಲ, ಮನೆಮಾತಿನಲ್ಲೇ ಇದೆ. “ರಂಗ ತಾನು ಗೆದ್ದೆನೆಂದು ತಿಳಿದ” ಎನ್ನುತ್ತೇವೆ. “ರಂಗ ಅವನು ಗೆದ್ದನೆಂದು ತಿಳಿದ” ಎಂದರೆ ಗೆದ್ದವನು ಬೇರೊಬ್ಬ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಹೀ’. ಮೊದಲ ವಾಕ್ಯವನ್ನು ಇನ್ನೊಮ್ಮೆ ಗಮನಿಸಿ: ‘ತಾನು’ ಎಂಬುದು ರಂಗನನ್ನು ಹೊರಗಿನಿಂದ ಕಾಣುತ್ತದೆ, ‘ಗೆದ್ದೆನು’ ಎಂಬ ಕ್ರಿಯಾಪದ ಅವನ ಒಳಗಿನಿಂದ ಮಾತಾಡುತ್ತದೆ. ತಿಳಿಯುವ ‘ಸ್ವ’, ತಿಳಿಯಲ್ಪಡುವ ‘ಸ್ವ’ ಎಂದು ಜೇಮ್ಸ್ ಪುಟಗಟ್ಟಲೆ ವಿವರಿಸಿದ್ದನ್ನು ನಮ್ಮ ಅಜ್ಜಿಯಂದಿರು ಒಂದು ವಾಕ್ಯದಲ್ಲಿ ಬಳಸಿ ಮುಂದೆ ಹೋಗುತ್ತಿದ್ದರು. (ಆ ‘ತಾನು’ವಿನ ಬಹುವಚನವೇ ‘ತಾವು’, ನಾವು ಎದುರಿನವರಿಗೆ ಮರ್ಯಾದೆ ಕೊಡುವ ಮಾತು. ಇದನ್ನು ಯಾವ ಮನೋವಿಶ್ಲೇಷಕರೂ ಗಮನಿಸಿದಂತಿಲ್ಲ.) ‘ಸಂಸ್ಕಾರ’ದಲ್ಲಿ ಆಚಾರ್ಯರ ಚಿಂತನೆಯೆಲ್ಲ ಈ ‘ತಾನು’ವಿನ ಮೇಲೆ ಸಾಗುತ್ತದೆ. 1976ರಲ್ಲಿ ಪುಸ್ತಕವಾಗಿ ಬಂದ ಅನುವಾದವನ್ನು ಮಾಡಿದ ಎ. ಕೆ. ರಾಮಾನುಜನ್ ಅವರು ಎಷ್ಟೇ ಸಮರ್ಥರಾಗಿದ್ದರೂ, ಇಲ್ಲದ ಸರ್ವನಾಮವನ್ನು ಇಂಗ್ಲಿಷಿಗೆ ಎಲ್ಲಿಂದ ತರಬೇಕು? ನೈಪಾಲರು ಓದಿದ್ದು ಆ ‘ಹೀ’ಯನ್ನು. ಅವರಿಗೆ ಮಾಫಿ ಉಂಟು; ಕನ್ನಡದಲ್ಲಿ ಓದಿಯೂ ಅವರ ಮಾತನ್ನೇ ಒಪ್ಪಿಸುವವರಿಗಿಲ್ಲ.

‘ಸಂಸ್ಕಾರ’ದ ಮೇಲೆ ದಾವೆ ಹೂಡಲೇಬೇಕೆಂದರೆ ಬೇರೆ ಕಡೆ ಹೂಡಬೇಕು. ಆಚಾರ್ಯರಿಗೆ ಧಾರಾಳವಾಗಿ ಸುರಿದ ಈ ‘ತಾನು’ವನ್ನು ಕಾದಂಬರಿ ಚಂದ್ರಿಗೆ ಎಷ್ಟು ಬಿಗಿಹಿಡಿದು ಕೊಡುತ್ತದೆ! ಅಗ್ರಹಾರವೆಲ್ಲ ಶಾಸ್ತ್ರ ಹುಡುಕುತ್ತಿರುವಾಗ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ನಾರಣಪ್ಪನ ಹೆಣ ಸುಟ್ಟು, ಯಾರಿಗೂ ಹೇಳದೆ ಹೊರಟುಹೋದವಳು ಅವಳು. ಅವಳ ಮನಸ್ಸಿಗೆ ಸಿಕ್ಕಿರುವುದು ಬೆರಳೆಣಿಕೆಯ ಪುಟಗಳು. ಅವನ್ನು ಹಿಡಿದು ನಮ್ಮ ಎಂ.ಎ. ವಿದ್ಯಾರ್ಥಿ ಯಾರಾದರೂ ಒಂದು ಪ್ರಬಂಧ ಬರೆದುತಂದರೆ ನಾನು ಎರಡು ಸಲ ಓದುತ್ತೇನೆ.