ಅದಿರು ನಮ್ಮದು, ಉಕ್ಕು ನಮ್ಮದು, ಕೆಲಸ ಯಾರದು?

ಹೊಸಪೇಟೆಯಲ್ಲಿ ರೈಲಿಳಿದು ನೇರ ಹಂಪಿಗೆ ಓಡುವ ಗೆಳೆಯರೇ, ಅರ್ಧ ದಿನ ಊರಲ್ಲೇ ನಿಲ್ಲಿ. ಕಲ್ಲಿನ ರಥ ನೋಡಿ ‘ಆಹಾ’ ಎನ್ನುತ್ತೀರಿ. ಅಂಥದೇ ಕೈಚಳಕ ಇಂದಿಗೂ ಈ ಊರಿನ ವರ್ಕ್‌ಶಾಪುಗಳಲ್ಲಿ ಕಿಡಿ ಹಾರಿಸುತ್ತಿದೆ. ಅದಕ್ಕೆ ಟಿಕೆಟ್ಟಿಲ್ಲ, ಅದಕ್ಕೇ ನೋಡುವವರೂ ಇಲ್ಲ!

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯೇ? ತುಂಬಿ ನಿಂತಿದ್ದ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕಂಪ್ಲಿಯ ಗದ್ದೆಯಿಂದ ರಾಯಚೂರಿನ ಹೊಲದವರೆಗೆ ರೈತನ ಎದೆ ಒಡೆಯಿತು. ಅಂಥ ಗೇಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 60 ಅಡಿ ಅಗಲ, 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಹೊಸಪೇಟೆ ಸುತ್ತಿನ ವರ್ಕ್‌ಶಾಪುಗಳೂ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯೂ ಹಗಲುರಾತ್ರಿ ದುಡಿದು ಮಾಡಿಕೊಟ್ಟವು. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿಗೇ ಅವನ್ನು ಇಳಿಸಿದರು. 17ರ ಹೊತ್ತಿಗೆ ಐದೂ ಕುಳಿತವು.

ಇಂಥ ಕೆಲಸ ನಡೆಯುವುದು ಹೇಗೆ ಗೊತ್ತೇ? ಮೊದಲು ಡ್ರಾಯಿಂಗ್. ಅದನ್ನು ಓದಿ ಎಷ್ಟು ದಪ್ಪದ ಪ್ಲೇಟು, ಎಷ್ಟು ಚಾನೆಲ್ಲು, ಎಷ್ಟು ತೂಕ ಎಂಬ ಲೆಕ್ಕ. ದರ ಸಾಮಾನ್ಯವಾಗಿ ಕೆಜಿ ಮೇಲೆ; ಪಾರ್ಟಿಯೇ ಮಾಲು ಕೊಟ್ಟರೆ ಬರೀ ಕೂಲಿ. ಆಮೇಲೆ ಮಾರ್ಕಿಂಗ್, ಗ್ಯಾಸ್ ಕಟಿಂಗ್. ಫಿಟ್ಟರ್ ತುಂಡು ಜೋಡಿಸಿ ಟ್ಯಾಕ್ ಹಾಕಿ ಅಳತೆ ನೋಡುತ್ತಾನೆ. ಕೊನೆಗೆ ಪೂರ್ತಿ ವೆಲ್ಡಿಂಗ್. ಒಂದೇ ಕಡೆ ಎಳೆದರೆ ಬಿಸಿಗೆ ಪ್ಲೇಟು ಸೊಟ್ಟಗಾಗುತ್ತದೆ. ಅದಕ್ಕೇ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ಸೊಟ್ಟಗಾದ ತುಂಡು ಗ್ರೂವಿನಲ್ಲಿ ಕೂರದು, ನೀರೂ ನಿಲ್ಲದು.

ನಾನು ಪ್ರೆಸ್ಸಿನವನು. ನಮ್ಮಪ್ಪನ ಕಾಲದ ಟ್ರೆಡಲ್ ಮೆಷಿನ್ನಿನ ಗೇರು ಮುರಿದಾಗ, ಬಿಡಿಭಾಗ ಎಲ್ಲೂ ಸಿಗಲಿಲ್ಲ. ವರ್ಕ್‌ಶಾಪಿನ ಹುಡುಗ ಮುರಿದ ತುಂಡನ್ನೇ ಅಳೆದು ಹೊಸದು ಮಾಡಿಕೊಟ್ಟ. ಬಿಲ್ ಬುಕ್ಕಿಗೆ ನಂಬರು ಹಾಕುವುದು ಇಂದಿಗೂ ಅದರಲ್ಲೇ.

ಈಗ ಕಹಿ ಮಾತು. ದೇಶದ ಅಣೆಕಟ್ಟುಗಳಿಗೆ ಗೇಟು ಮಾಡಿಕೊಡುತ್ತಿದ್ದ ಸರ್ಕಾರಿ ಕಾರ್ಖಾನೆ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಇದೇ ಹೊಸಪೇಟೆಯಲ್ಲಿತ್ತು. 1960ರಲ್ಲಿ ಹುಟ್ಟಿತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿತು. ಕನ್ನಯ್ಯ ನಾಯ್ಡು ಹಿಂದೆ ದುಡಿದದ್ದು ಅಲ್ಲೇ! ಕಾರ್ಖಾನೆಗೆ ಬೀಗ ಹಾಕಬಹುದು, ಕೈಗೆ ಹತ್ತಿದ ವಿದ್ಯೆಗೆ ಹಾಕಲಾಗದು. ಅದೇ ವಿದ್ಯೆ ಆಪತ್ತಿನಲ್ಲಿ ಕೈಹಿಡಿಯಿತು. ಆದರೆ ಆ ಕೈಗಳಿಗೆ ವಯಸ್ಸಾಗುತ್ತಿದೆ. ಮುಂದಿನ ಗೇಟು ಹೋದರೆ ಯಾರನ್ನು ಕರೆಯುತ್ತೀರಿ?

ಸಂಡೂರಿನ ಗುಡ್ಡ ಅಗೆದು ಅದಿರು ಕೊಟ್ಟೆವು. ತೋರಣಗಲ್ಲಿನಲ್ಲಿ ಉಕ್ಕು ಕರಗಿಸಿದೆವು. ದೂಳು ನಮಗೆ ಬಂತು. ಉಕ್ಕನ್ನು ವಸ್ತುವಾಗಿಸುವ ಕೆಲಸದಲ್ಲಲ್ಲವೇ ಹೆಚ್ಚಿನ ಬೆಲೆ ಇರುವುದು? ಆ ಕೆಲಸವೂ ಇಲ್ಲೇ ಉಳಿಯಲಿ. ದೊಡ್ಡ ಕಾರ್ಖಾನೆಗಳು ಸುತ್ತಲಿನ ಸಣ್ಣ ವರ್ಕ್‌ಶಾಪುಗಳಿಗೆ ಆರ್ಡರು ಕೊಡಲಿ. 2006ರ ಕಾನೂನಿನಂತೆ ಸಣ್ಣ ಘಟಕದ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಚುಕ್ತಾ ಮಾಡಲಿ. ಐಟಿಐಗಳಲ್ಲಿ ಡ್ರಾಯಿಂಗ್ ಪಾಠ ಹುಡುಗರಿಗೆ ಅರ್ಥವಾಗುವ ಕನ್ನಡದಲ್ಲಿ ನಡೆಯಲಿ.

ಗೆಳೆಯರೇ, ವೆಲ್ಡರ್ ಎಂದರೆ ಮೂಗು ಮುರಿಯಬೇಡಿ. ಡ್ರಾಯಿಂಗ್ ಓದಲು ಕಲಿಯಿರಿ. ಕಾರ್ಖಾನೆಯ ಬೋರ್ಡಿಗೆ ಕನ್ನಡ ಬಂದರಷ್ಟೇ ಸಾಲದು, ಬೋರ್ಡಿನ ಹಿಂದಿನ ಕೆಲಸಕ್ಕೂ ಕನ್ನಡಿಗ ಬರಬೇಕು!