ಪರಾನ್ನಭೋಜಿಗಳ ವಿದ್ಯೆ

ಕಳೆದ ತಿಂಗಳು ಅಜ್ಜಂಪುರದ ಕಡೆಯ ನಮ್ಮ ಪರಿಚಿತ ರೈತರೊಬ್ಬರು ಕಡೂರಿನ ನಮ್ಮ ಮನೆಗೆ ಬಂದು, ಜಗುಲಿಯಲ್ಲಿ ಕುಳಿತು, ಮುಂದಿಟ್ಟ ಎಲೆಯಡಿಕೆಯನ್ನೂ ಮುಟ್ಟದೆ ತಮ್ಮ ಅಳಲನ್ನು ಹೇಳಿಕೊಂಡರು. ಅವರ ಹಿರಿಯ ಮಗಳು ಪ್ರಾಣಿಶಾಸ್ತ್ರವನ್ನು ಓದುತ್ತಿರುವಳು. ವಿಶ್ವವಿದ್ಯಾನಿಲಯವೊಂದರಲ್ಲಿ ಎರಡು ದಿನಗಳ ವಿಚಾರಗೋಷ್ಠಿ ನಡೆದು, ಪರೋಪಜೀವಿಗಳ ಸಂಶೋಧನೆಯೆಂದರೇನೆಂಬುದನ್ನು ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಟ್ಟರಂತೆ. ಅಲ್ಲಿಂದ ಮರಳಿದ ಹುಡುಗಿಯು ಇನ್ನು ಓದುವುದಾದರೆ ಅದನ್ನೇ ಎಂದು ಹಟ ಹಿಡಿದಿರುವಳು.

"ಮೇಷ್ಟ್ರೇ, ಬಿ.ಎಡ್. ಮಾಡಿಕೊಂಡು ನಿಮ್ಮ ಹಾಗೆ ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಂಡಿರಲಿ ಅಂತಿದ್ದೆ. ಇವಳು ಹುಳಹುಪ್ಪಟೆ ಹಿಡೀತೀನಿ ಅಂತಾಳೆ. ನೀವಾದರೂ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳುವುದೊಂದೇ ನಿವೃತ್ತ ಉಪಾಧ್ಯಾಯರಿಗೆ ಉಳಿದಿರುವ ಉದ್ಯೋಗವಷ್ಟೆ! ಒಪ್ಪಿಕೊಂಡೆವು.

ಹುಡುಗಿಯು ಬಂದ ದಿನ ನಾವು ಮೊದಲು ಪದದ ಮೇಲೆಯೇ ಜಗಳ ತೆಗೆದೆವು. ಪರೋಪಜೀವಿಯೆಂದರೆ ಪರರನ್ನು ಆಶ್ರಯಿಸಿ ಬದುಕುವವನು. ಹಾಗೆ ನೋಡಿದರೆ ವಿಶ್ರಾಂತಿವೇತನವನ್ನು ತಿನ್ನುವ ನಾವೂ ಆ ವರ್ಗಕ್ಕೇ ಸೇರಬೇಕಾಗುವುದು. ಗ್ರೀಕರ ಮೂಲಶಬ್ದಕ್ಕೆ ಅನ್ಯರ ಊಟದ ಪಕ್ಕದಲ್ಲಿ ಕುಳಿತು ಉಣ್ಣುವವನೆಂದು ಅರ್ಥವಿರುವುದರಿಂದ ‘ಪರಾನ್ನಭೋಜಿ’ ಎಂಬುದೇ ಮೇಲೆಂದು ವಾದಿಸಿದೆವು. ಅವಳು ನಕ್ಕು, "ಅವನು ಉಂಡು ಎದ್ದು ಹೋಗುತ್ತಾನೆ ಮೇಷ್ಟ್ರೇ. ಇವು ಮನೆಯ ಯಜಮಾನನನ್ನೇ ಉಣ್ಣುತ್ತವೆ" ಎಂದಳು.

ನಾವು ಸೋಲೊಪ್ಪದೆ ಚರಕರ ಆಶ್ರಯಕ್ಕೆ ಹೋದೆವು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕೃಮಿಗಳನ್ನು ಎಣಿಸಿ, ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿದೆ. ಕೃಮಿಯನ್ನು ಹೊರಕ್ಕೆ ಸೆಳೆಯುವುದು ಅಪಕರ್ಷಣ. ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು ಪ್ರಕೃತಿವಿಘಾತ. ಅದಕ್ಕೆ ಮೂಲವಾದ ಕಾರಣವನ್ನೇ ವರ್ಜಿಸುವುದು ನಿದಾನಪರಿವರ್ಜನ. ಹುಡುಗಿಯು ಇದನ್ನು ಶ್ರದ್ಧೆಯಿಂದ ಬರೆದುಕೊಂಡು, "ಕಾರಣ ಯಾವುದೆಂದು ತಿಳಿಯದೆ ವರ್ಜಿಸುವುದು ಹೇಗೆ?" ಎಂದು ಕೇಳಿದಳು.

ಪ್ರಶ್ನೆಯು ನ್ಯಾಯವಾದುದೇ. ನಾರುಹುಣ್ಣನ್ನು ವಾಚಕರಲ್ಲಿ ಹಿರಿಯರು ಕೇಳಿರಬಹುದು. ಕಾಲಿನ ಹುಣ್ಣಿನಿಂದ ಹೊರಬರುವ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟಿಷ್ಟೇ ಎಳೆಯುವುದನ್ನು ಜನರು ಅನಾದಿಯಿಂದಲೂ ಬಲ್ಲರು. ಅದು ಅಪಕರ್ಷಣವಾಯಿತು. ಆದರೆ ಹುಳುವಿನ ಮರಿಯು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜಂತುವಿನೊಳಗೆ ಬೆಳೆಯುವುದೆಂಬುದನ್ನು ರಷ್ಯದ ಫೆಡ್ಚೆಂಕೊ ಎಂಬವನು ಕಂಡುಕೊಂಡದ್ದು 1870ರಲ್ಲಿ. ಕಾರಣವು ತಿಳಿದ ಮೇಲೆ ಉಪಾಯವು ಎಷ್ಟು ಸುಲಭವಾಯಿತೆಂದರೆ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲಿಳಿದು ಕಾಲಿಡುವ ಬಾವಿಗಳನ್ನು ಬಿಟ್ಟುಬಿಡುವುದು, ಇಷ್ಟೇ. (ಸೋಸಿದ ನೀರನ್ನು ಕುಡಿಯಬೇಕೆಂದು ಸ್ಮೃತಿಕಾರರು ಹೇಳಿದ್ದು ಸಂನ್ಯಾಸಿಗೆ; ಗೃಹಸ್ಥನು ಕಿವಿಗೆ ಹಾಕಿಕೊಳ್ಳಲಿಲ್ಲ.) 1980ರ ದಶಕದಲ್ಲಿ ನಮ್ಮ ದೇಶವು ಈ ಕಾರ್ಯವನ್ನು ಪಣತೊಟ್ಟು ಕೈಗೊಂಡಿತು, ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲೊಂದು. ಕಡೆಯ ರೋಗಿಯು ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಲಸಿಕೆಯಿಲ್ಲ, ಮದ್ದಿಲ್ಲ, ಬರಿಯ ನಿದಾನಪರಿವರ್ಜನ!

ಅನಂತರ ಹುಡುಗಿಯು ಹೇಳಿದ ಸಂಗತಿಯನ್ನು ಆಕೆಯ ತಂದೆಯು ನಮಗೆ ತಿಳಿಸಿರಲಿಲ್ಲ. ಮೂರು ವರ್ಷಗಳ ಹಿಂದೆ ಅವರು ತರೀಕೆರೆಯಲ್ಲಿ ಸಾಲ ತೆಗೆದು ಮಿಶ್ರತಳಿಯ ಹಸುವೊಂದನ್ನು ಕೊಂಡಿದ್ದರು. ಆ ಬೇಸಗೆಯಲ್ಲಿ ಅದಕ್ಕೆ ಜ್ವರ ಬಂದು, ಮೇವು ಬಿಟ್ಟು, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿತು. ದೃಷ್ಟಿಯೆಂದರು, ತಾಯಿತ ಕಟ್ಟಿಸಿದರು. ಮೂರನೆಯ ದಿನ ಹಸುವು ಸತ್ತಿತು, ಸಾಲ ಉಳಿಯಿತು. ವಿಚಾರಗೋಷ್ಠಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜ್ವರಪೀಡಿತ ಹಸುವೊಂದರ ರಕ್ತವನ್ನಿಟ್ಟು ತೋರಿಸಿದರಂತೆ. ಕೆಂಪು ರಕ್ತಕಣದೊಳಗೆ ತುದಿಗೆ ತುದಿ ತಾಗಿಸಿಕೊಂಡ ಎರಡು ಪುಟ್ಟ ಪೇರುಹಣ್ಣುಗಳಂತೆ ಕಂಡದ್ದು ಬೆಬೀಸಿಯ. ಇದು ಉಣ್ಣೆಯ ಕಡಿತದಿಂದ ರಕ್ತಕ್ಕೆ ಸೇರಿ ಕಣಗಳನ್ನೊಡೆಯುವುದರಿಂದಲೇ ಮೂತ್ರವು ಕೆಂಪಾಗುವುದೆಂದೂ, ಬೇಗನೆ ಗುರುತಿಸಿದರೆ ಮದ್ದುಂಟೆಂದೂ ಅಧ್ಯಾಪಕರು ಹೇಳಿದರು. "ಎಲ್ಲರೂ ನೋಡಿ ಮುಂದಕ್ಕೆ ಹೋದರು. ನನಗೆ ಅಲ್ಲಿಂದ ಏಳಲಾಗಲಿಲ್ಲ ಮೇಷ್ಟ್ರೇ" ಎಂದಳು.

ದನ ಕಟ್ಟಿದ ಮನೆಯವರು ಕೆಂಪು ಮೂತ್ರವನ್ನು ಕಂಡ ದಿನವೇ ಪಶುವೈದ್ಯರನ್ನು ಕರೆಯತಕ್ಕದ್ದು. ತಾಯಿತವನ್ನು ಆಮೇಲೆ ಕಟ್ಟಿಸಿದರೂ ನಡೆಯುವುದು.

ಉಣ್ಣೆಯು ದನಗಳ ಜ್ವರವನ್ನು ಹರಡುವುದೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ. ದನದ ಕೊಟ್ಟಿಗೆಯೇ ಮೊದಲ ಪಾಠಶಾಲೆಯಾಯಿತೆನ್ನಬೇಕು. ಈ ವಿದ್ಯೆಗೆ ನಮ್ಮ ಸೀಮೆಗಿಂತ ತಕ್ಕ ಕ್ಷೇತ್ರವೆಲ್ಲಿ? ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರವಿದೆ. ಕಾವಲುಗಳಲ್ಲಿ ಉಣ್ಣೆಯೊಡನೆಯೇ ತಲೆತಲಾಂತರದಿಂದ ಬಾಳಿದ ನಾಡದನಗಳು ಈ ಜ್ವರವನ್ನು ತಾಳಿಕೊಳ್ಳುವಷ್ಟು ಪರದೇಶದ ರಕ್ತ ಬೆರೆತವು ತಾಳಲಾರವು. ಅತ್ತ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಡನೆ ಬೆಳಕಿಗೆ ಬಂದ ಕಾಯಿಲೆಯನ್ನು ಹರಡುವುದೂ ಕಾಡಿನ ಉಣ್ಣೆಯೇ. ಅದು ಈಗ ನಮ್ಮ ಜಿಲ್ಲೆಯ ಮಲೆನಾಡಿಗೂ ಬಂದಿದೆ.

ಆ ಭಾನುವಾರ ನಾವೇ ಅಜ್ಜಂಪುರದ ಬಸ್ಸನ್ನು ಹತ್ತಿದೆವು. ಬುದ್ಧಿಯ ಮಾತೇನನ್ನೂ ಆಡದೆ, ಹಸುವಿನ ಸಂಗತಿಯನ್ನು ಮಾತ್ರ ಎತ್ತಿದೆವು. ಗೆಳೆಯರು ಬಹಳ ಹೊತ್ತು ಕೊಟ್ಟಿಗೆಯ ಖಾಲಿ ಗೂಟದ ಕಡೆಗೆ ನೋಡುತ್ತಿದ್ದರು. "ಮದ್ದಿತ್ತೇ?" ಎಂದು ಕೇಳಿದರು. ಇತ್ತೆಂದೆವು.

"ಎರಡು ವರ್ಷ ಓದಲಿ. ಆಮೇಲಿನದು ಆಮೇಲೆ" ಎಂದು ಎದ್ದು, ಒಳಗೆ ಹೋಗುವಾಗ ತಿರುಗಿ, "ಎಮ್ಮೆಯ ಮೈಮೇಲಿಂದ ಉಣ್ಣೆ ಕಿತ್ತು ಸೀಸೆಯಲ್ಲಿ ತುಂಬಿಟ್ಟಿದ್ದಾಳೆ ಮೇಷ್ಟ್ರೇ. ಅದನ್ನು ಅಡುಗೆಮನೆಯ ಗೂಡಿನಿಂದ ತೆಗೆಯುವುದಕ್ಕಾದರೂ ಬುದ್ಧಿ ಹೇಳಿ" ಎಂದರು.