ಮನೆಯೇ ಶಾಲೆಯಾದರೆ ಊರ ಶಾಲೆಯ ಗತಿಯೇನು?

ನಮ್ಮ ಬಳಗದ ಸಭೆಗಳಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಶಾಲೆಯೆಂಬುದು ಕೊಳ್ಳುಬಾಕ ಸಂಸ್ಕೃತಿಯ ಕಾರ್ಖಾನೆ. ಆದ್ದರಿಂದ ಪರಿಸರಪ್ರಜ್ಞೆಯುಳ್ಳವರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ, ತೋಟದಲ್ಲೇ ಕಲಿಸಬೇಕು ಎಂಬುದು ಅದರ ಸಾರ. ನಿದರ್ಶನಕ್ಕೆ ಬೆಂಗಳೂರಿನಲ್ಲಿ ಗೃಹಶಿಕ್ಷಣ ನಡೆಸುತ್ತಿರುವ ಕುಟುಂಬಗಳತ್ತ ಬೊಟ್ಟು ಮಾಡುತ್ತಾರೆ. ಅಂಥ ಒಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ಬಲ್ಲೆನಾದ್ದರಿಂದಲೇ ಈ ವಾದವನ್ನು ವಿರೋಧಿಸುತ್ತೇನೆ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ನನ್ನೊಡನೆ ಓದಿದ ಗೆಳತಿಯೊಬ್ಬಳು ಯಲಹಂಕದಲ್ಲಿ ನೆಲೆಸಿದ್ದಾಳೆ. ಇಬ್ಬರು ಮಕ್ಕಳು. ಮನೆಯಲ್ಲಿ ಟಿ.ವಿ. ಇಲ್ಲ, ಕಾರಿಲ್ಲ. ರಾಗಿ, ಸೊಪ್ಪು, ಅವರೆಯ ಕಾಲದಲ್ಲಿ ಅವರೆ. ವಾರಕ್ಕೊಮ್ಮೆ ಸಿಟಿ ಬಸ್ಸು ಹತ್ತಿ ಮೂವರೂ ಗ್ರಂಥಾಲಯಕ್ಕೆ ಹೋಗಿ ಚೀಲ ತುಂಬ ಪುಸ್ತಕ ಹೊತ್ತು ತರುತ್ತಾರೆ. ಆಕೆ ಅಕ್ಕಿ ಆರಿಸುತ್ತಿದ್ದರೆ ಮಗಳು ಗಟ್ಟಿಯಾಗಿ ಓದುತ್ತಾಳೆ. ತಪ್ಪಿದರೆ ತಮ್ಮ ತಿದ್ದುತ್ತಾನೆ. ಒಮ್ಮೆ ಜಕ್ಕೂರು ಕೆರೆಯ ದಂಡೆಯಲ್ಲಿ ಹುಡುಗ, ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ಜೊಂಡಿನ ನಡುವೆ ಹರಿದು ಕೆರೆ ಸೇರುವುದನ್ನು ಕಂಡು, ಜೊಂಡು ನೀರನ್ನು ಹೇಗೆ ತೊಳೆಯುತ್ತದೆ ಎಂದು ಕೇಳಿದ. ತಾಯಿಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಮೂರು ವಾರ ಪುಸ್ತಕಗಳಲ್ಲಿ ಹುಡುಕಿ, ಬೇರಿಗೆ ಅಂಟಿ ಬದುಕುವ ಸೂಕ್ಷ್ಮಜೀವಿಗಳ ಕೆಲಸವನ್ನೂ ನೀರಿನ ಸಾರಜನಕ, ರಂಜಕಗಳನ್ನು ಗಿಡ ಹೀರಿಕೊಳ್ಳುವ ಬಗೆಯನ್ನೂ ಆತನೇ ಕಂಡುಕೊಂಡ. ಎಂ.ಎಸ್ಸಿ. ತರಗತಿಯಲ್ಲಿ ನಮಗೆ ಹೀಗೆ ಕಲಿಸಿದವರು ಕಡಿಮೆ.

ಆಕೆಯ ಬಗ್ಗೆ ನನಗಿರುವುದು ಗೌರವವೇ. ಆದರೆ ಆ ಸರಳತೆಯ ಬುಡದಲ್ಲಿ ಏನಿದೆಯೆಂದು ಅಗೆದು ನೋಡೋಣ. ಅಲ್ಲಿ ಗಂಡನಿಗೆ ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳವಿದೆ. ಆಕೆಯ ಸ್ನಾತಕೋತ್ತರ ಪದವಿಯಿದೆ. ಬಸ್ಸಿನ ದೂರದಲ್ಲಿ ಗ್ರಂಥಾಲಯವಿದೆ. ಮಕ್ಕಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಸುವ ದಾರಿ ಗೊತ್ತಿದೆ. ಇದೆಲ್ಲಕ್ಕೂ ಮಿಗಿಲಾಗಿ, ದಿನಕ್ಕೆ ಎಂಟು ತಾಸಿನ ಆಕೆಯ ದುಡಿಮೆಯಿದೆ. ಅದಕ್ಕೆ ಕೂಲಿಯಿಲ್ಲ. 'ಖರ್ಚಿಲ್ಲದ ಶಿಕ್ಷಣ' ಎಂದು ನಮ್ಮ ಗಂಡಸರು ಹೊಗಳುವಾಗ ಈ ಬಾಬ್ತು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಮನೆಪಾಠ ಬೆಂಗಳೂರಿನವರು ಕಂಡುಹಿಡಿದದ್ದೇನೂ ಅಲ್ಲ. ಕುಪ್ಪಳಿಯ ಮನೆಯಲ್ಲಿ ಬಾಲಕ ಕುವೆಂಪು ಮೊದಲ ಅಕ್ಷರಗಳನ್ನು ಕಲಿತದ್ದು ದಕ್ಷಿಣ ಕನ್ನಡದಿಂದ ಕರೆಸಿದ ಐಗಳಿಂದ. ತೀರ್ಥಹಳ್ಳಿಯ ಶಾಲೆಗೆ ಸೇರಿದ್ದು ಆಮೇಲೆ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಯಿದು. ಆದರೆ ಆ ಕಾಲದಲ್ಲಿ ಐಗಳು ಬರುತ್ತಿದ್ದದ್ದು ಉಪ್ಪರಿಗೆಯ ಮನೆಗಳಿಗೆ. ಗದ್ದೆಯಾಚೆಯ ಬಿಡಾರಗಳ ಮಕ್ಕಳಿಗೆ ಯಾರು ಕಲಿಸುತ್ತಿದ್ದರು? ಅವರಿಗೆ ಅಕ್ಷರ ತಲುಪಿಸಿದ್ದು ಸರ್ಕಾರಿ ಶಾಲೆ, ಅದೂ ತಡವಾಗಿ, ಸೋರುವ ಹಂಚಿನ ಕೆಳಗೆ.

ಈಗ ಆ ಶಾಲೆಗಳ ಸ್ಥಿತಿ ನೋಡಿ. ಮಲೆನಾಡಿನಲ್ಲಿ ಮನೆಗಳು ಚದುರಿವೆ, ಮಕ್ಕಳು ಕಡಿಮೆ. ಹಾಜರಿ ಕುಸಿಯಿತೆಂದರೆ ವಿಲೀನದ ಮಾತು ಹೊರಡುತ್ತದೆ. ಇಪ್ಪತ್ತು ಮಕ್ಕಳ ಶಾಲೆಯಿಂದ ಅನುಕೂಲವಂತರ ನಾಲ್ವರನ್ನು ಬಿಡಿಸಿದರೆ ಹೋಗುವುದು ನಾಲ್ಕು ಹೆಸರಷ್ಟೇ ಅಲ್ಲ. ಶಿಕ್ಷಕರು ಬಾರದಿದ್ದರೆ ತಾಲ್ಲೂಕು ಕಚೇರಿಗೆ ಹೋಗಿ ಕೇಳಬಲ್ಲ ನಾಲ್ಕು ಬಾಯಿಗಳೂ ಹೋಗುತ್ತವೆ. ಉಳಿದ ಹದಿನಾರು ಮಕ್ಕಳ ತಾಯಂದಿರು ಅಡಿಕೆ ಸುಲಿಯಲು, ಕಾಫಿ ಕೊಯ್ಯಲು ಬೇರೆಯವರ ಮನೆಗೆ ಹೋಗುವವರು. ಶಾಲೆ ಮುಚ್ಚಿದರೆ ಅವರ ಮನೆಯಲ್ಲಿ ನಡೆಯುವುದು ಗೃಹಶಿಕ್ಷಣವಲ್ಲ. ದೊಡ್ಡ ಹುಡುಗಿ ಕೂಸನ್ನು ನೋಡಿಕೊಳ್ಳುತ್ತಾಳೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವೂ ಅವರಿಗೆ ತಪ್ಪುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ; ಸೇರಿಸುವುದು ಹೆತ್ತವರ ಕರ್ತವ್ಯವೆಂದಿದೆ. ಸೇರಿಸದ ಹೆತ್ತವರಿಗೆ ಅದರಲ್ಲಿ ದಂಡನೆಯಿಲ್ಲವೆಂಬುದು ನಿಜ. ನನ್ನ ಗೆಳತಿ ಆ ಸಂದಿಯಲ್ಲಿ ಬದುಕುತ್ತಿದ್ದಾಳೆ. ಬೇಲಿಯ ಸಂದಿಯಲ್ಲಿ ಒಬ್ಬರು ನುಸುಳಬಹುದು. ಅದನ್ನೇ ಊರಿಗೆಲ್ಲ ಹೆಬ್ಬಾಗಿಲೆಂದು ತೋರಿಸಬಾರದು. ನಮ್ಮವರ ಹೊಗಳಿಕೆಯನ್ನು ಆಕೆಗೆ ಮುಟ್ಟಿಸಿದಾಗ ನಕ್ಕುಬಿಟ್ಟಳು. "ಮಕ್ಕಳು ನಡೆದುಕೊಂಡು ಹೋಗೋ ದೂರದಲ್ಲಿ, ಕನ್ನಡದಲ್ಲಿ ಕಲಿಸೋ, ಪುಸ್ತಕ ಕೈಗೆ ಕೊಡೋ ಒಂದು ಒಳ್ಳೇ ಶಾಲೆ ನನಗೆ ಸಿಕ್ಕಿದ್ರೆ ನಾನ್ಯಾಕೆ ಇಷ್ಟು ಒದ್ದಾಡ್ತಿದ್ದೆ?" ಎಂದಳು.

ಆಕೆಯಿಂದ ನಾವು ತರಬೇಕಾದದ್ದು ಓದಿನ ಚೀಲವನ್ನು. ಅದಕ್ಕೆ ಶಾಲೆ ಬಿಡಿಸಬೇಕಾಗಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಮೀರಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆಯನ್ನು ಜರೆಯುವ ನಮ್ಮ ಬಳಗದಲ್ಲಿ ಎಷ್ಟು ಮಂದಿಯ ಮಕ್ಕಳ ಬಳಿ ಆ ಕಾರ್ಡಿದೆ? ಕಳೆದ ಸಭೆಯಲ್ಲಿ ಕೇಳಿದೆ. ಎರಡು ಕೈ ಎದ್ದವು. ಅದರಲ್ಲೊಂದು ನನ್ನದು.

ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ತೆರುತ್ತೇವೆ. ನಮ್ಮ ಪಂಚಾಯತಿಯಲ್ಲಿ ಅದು ಎಷ್ಟು ಸಂಗ್ರಹವಾಯಿತು, ಎಷ್ಟರಲ್ಲಿ ಪುಸ್ತಕ ಬಂತು, ಗ್ರಂಥಾಲಯದ ಬಾಗಿಲು ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ತೆರೆದಿರುತ್ತದೆಯೇ ಎಂದು ಬರುವ ಗ್ರಾಮಸಭೆಯಲ್ಲಿ ಕೇಳಲಿದ್ದೇನೆ. ಗೃಹಶಿಕ್ಷಣದ ಪರವಾಗಿ ಮಾತನಾಡಿದ ಮಿತ್ರರೂ ಅಂದು ಬರಬೇಕು, ಮಕ್ಕಳನ್ನೂ ಕರೆತರಬೇಕು.